ಸುರಂಗದ ಬಲವೆಲ್ಲ ಮೊದಲ ನಾಲ್ಕು ಸಂದೇಶಗಳಲ್ಲಿ

ವಿಪಿಎನ್ ಉಪಕರಣ ಮಾರುವವರ ಯಾವುದೇ ಕರಪತ್ರ ತೆಗೆದು ನೋಡಿ, '256 ಬಿಟ್ ಎಇಎಸ್' ಎಂಬ ಮಾತು ದಪ್ಪ ಅಕ್ಷರದಲ್ಲಿ ಕಣ್ಣಿಗೆ ರಾಚುತ್ತದೆ. ಟೆಂಡರಿನ ತಾಂತ್ರಿಕ ಷರತ್ತುಗಳಲ್ಲೂ ಅದೇ ಮಾತು, ಆಡಿಟ್ ವರದಿಯಲ್ಲೂ ಅದೇ ಮಾತು. ಕೇಳಿದವರಿಗೂ ಹೇಳಿದವರಿಗೂ ಅಷ್ಟಕ್ಕೇ ಸಮಾಧಾನ. ಆದರೆ ಗೂಢಲಿಪಿ ಎಷ್ಟು ಗಟ್ಟಿ ಎನ್ನುವುದು ಬಹುಮಟ್ಟಿಗೆ ಇತ್ಯರ್ಥವಾಗಿರುವ ಪ್ರಶ್ನೆ. ಬೆಲ್ಜಿಯಂನ ಇಬ್ಬರು ಗೂಢಲಿಪಿ ತಜ್ಞರು ರೂಪಿಸಿದ ಎಇಎಸ್ ಅನ್ನು ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2001ರಲ್ಲಿ ಅಂಗೀಕರಿಸಿತು. ಅಂದಿನಿಂದ ಜಗತ್ತಿನ ಅತ್ಯುತ್ತಮ ತಲೆಗಳು ಅದನ್ನು ಪರೀಕ್ಷಿಸುತ್ತಲೇ ಇವೆ. ಸರಿಯಾಗಿ ಬಳಸಿದ ಎಇಎಸ್ ಅನ್ನು ನೇರವಾಗಿ ಮುರಿಯುವ ಕಾರ್ಯಸಾಧ್ಯ ದಾರಿ ಬಹಿರಂಗವಾಗಿ ಯಾರಿಂದಲೂ ಬಂದಿಲ್ಲ. ಹೀಗಿದ್ದರೂ ಐಪಿಸೆಕ್ ಎಂಬ ಮಾನಕವನ್ನು ಬಳಸುವ ವಿಪಿಎನ್‌ಗಳು ಸೋತಿವೆ, ಕೋಟ್ಯಂತರ ಜನರಿಗೆ ಸಂಬಂಧಿಸಿದ ಮಟ್ಟದಲ್ಲೇ ಸೋತಿವೆ. ಆ ದೊಡ್ಡ ಪ್ರಕರಣಗಳನ್ನು ಒಂದೊಂದಾಗಿ ಬಿಡಿಸಿದರೆ ಬಿರುಕು ಬಿಟ್ಟ ಜಾಗ ಬೇರೆಯೇ ಆಗಿರುತ್ತದೆ: ಕೀಲಿ ಎಲ್ಲಿಂದ ಹುಟ್ಟಿತು, ಎರಡೂ ತುದಿಗಳು ಅದನ್ನು ಹೇಗೆ ಒಪ್ಪಿಕೊಂಡವು, ಆಚೆ ತುದಿಯಲ್ಲಿ ಇರುವವರು ಯಾರೆಂದು ಹೇಗೆ ಖಾತ್ರಿಯಾಯಿತು. ನಾವು ಕೇಳಬೇಕಾದ ಪ್ರಶ್ನೆಗಳು ಇವು. ಕೇಳದೆ ಬಿಟ್ಟಿರುವುದೂ ಇವನ್ನೇ.

ಐಪಿಸೆಕ್ ಎಂಬ ಹೆಸರು ಕೇಳದವರೂ ಅದನ್ನು ಬಳಸುತ್ತಾರೆ. ಊರಿನ ಬ್ಯಾಂಕ್ ಶಾಖೆ ಮುಖ್ಯ ಕಚೇರಿಯ ಕಂಪ್ಯೂಟರಿನೊಂದಿಗೆ ಮಾತನಾಡುವಾಗ, ಕಂಪನಿಯ ಎರಡು ಕಚೇರಿಗಳು ಸಾರ್ವಜನಿಕ ಇಂಟರ್‌ನೆಟ್ ಮೂಲಕ ಒಂದೇ ಜಾಲದಂತೆ ಕೆಲಸ ಮಾಡುವಾಗ, ನಡುವೆ ಇರುವುದು ಸಾಮಾನ್ಯವಾಗಿ ಐಪಿಸೆಕ್ ಕಟ್ಟಿದ ಗೂಢಲಿಪಿಯ ಸುರಂಗ. 2020ರ ಮಾರ್ಚ್‌ನಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳು ಖಾಲಿಯಾಗಿ ಶಿವಮೊಗ್ಗ, ಧಾರವಾಡ, ಪುತ್ತೂರಿನ ಮನೆಗಳಿಂದ ಕೆಲಸ ಸಾಗಿದ್ದು ವಿಪಿಎನ್‌ಗಳ ಮೇಲೆಯೇ. ನಮ್ಮ ಕೈಯಲ್ಲಿರುವ ಫೋನಿನಲ್ಲೂ ಐಪಿಸೆಕ್ ಇದೆ. ಏರ್‌ಟೆಲ್ 2019ರ ಡಿಸೆಂಬರ್‌ನಲ್ಲಿ, ಜಿಯೋ ಮರುತಿಂಗಳು ವೈ-ಫೈ ಕಾಲಿಂಗ್ ಸೌಲಭ್ಯ ತಂದವು. ಟವರ್ ಸಿಗ್ನಲ್ ಸಿಗದ ಮನೆಯೊಳಗೆ ವೈ-ಫೈ ಮೇಲೆ ಕರೆ ಹೋಗುವಾಗ, ಫೋನು ಮೊದಲು ಮೊಬೈಲ್ ಕಂಪನಿಯ ಒಂದು ಗೇಟ್‌ವೇ ಜೊತೆ ಐಪಿಸೆಕ್ ಸುರಂಗ ಕಟ್ಟುತ್ತದೆ. ಮಾತು ಆಮೇಲೆ ಅದರೊಳಗೆ ಹರಿಯುತ್ತದೆ. ಹೀಗಾಗಿ ಇದನ್ನು ಜಾಲ ಎಂಜಿನಿಯರುಗಳ ಒಳಕೋಣೆಯ ವಿಷಯವೆಂದು ಪಕ್ಕಕ್ಕಿಡುವಂತಿಲ್ಲ.

ಸುರಂಗ ಕಟ್ಟುವ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಬೆಂಗಳೂರಿನ ಕಚೇರಿಯಲ್ಲೊಂದು ರೌಟರ್, ಹುಬ್ಬಳ್ಳಿಯ ಶಾಖೆಯಲ್ಲೊಂದು ರೌಟರ್ ಇದೆ ಎನ್ನೋಣ. ದತ್ತಾಂಶ ಸಾಗಿಸುವ ಕೆಲಸ ಇಎಸ್‌ಪಿ ಎಂಬ ಭಾಗದ್ದು. ಪ್ರತಿ ಪ್ಯಾಕೆಟ್ಟನ್ನು ಗೂಢಲಿಪಿಗೆ ತಿರುಗಿಸಿ, ದಾರಿಯಲ್ಲಿ ಯಾರೂ ತಿದ್ದಿಲ್ಲವೆಂಬುದಕ್ಕೆ ಮುದ್ರೆಯೊತ್ತಿ ಕಳಿಸುವುದು ಅದರ ಹೊಣೆ. ಆದರೆ ಅದಕ್ಕೆ ಕೀಲಿ ಬೇಕು, ಎರಡೂ ಕಡೆ ಒಂದೇ ಕೀಲಿ. ಅದನ್ನು ಸಿದ್ಧಪಡಿಸುವುದು ಐಕೆಇ ಎಂಬ ಇನ್ನೊಂದು ಭಾಗ. ಈಗ ಬಳಕೆಯಲ್ಲಿರುವ ಅದರ ಎರಡನೇ ಆವೃತ್ತಿಯಲ್ಲಿ ಸಾಮಾನ್ಯವಾಗಿ ನಾಲ್ಕೇ ಸಂದೇಶಗಳಲ್ಲಿ ಈ ಕೆಲಸ ಮುಗಿಯುತ್ತದೆ. ಮೊದಲ ಎರಡರಲ್ಲಿ ಕೀಲಿಯ ಒಪ್ಪಂದ, ನಂತರದ ಎರಡರಲ್ಲಿ ಗುರುತಿನ ದೃಢೀಕರಣ.

ಕೀಲಿಯ ಒಪ್ಪಂದಕ್ಕೆ ಆಧಾರ 1976ರಲ್ಲಿ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ ಪ್ರಕಟಿಸಿದ ಉಪಾಯ. ಕಿರಿದಾದ ಸಂಖ್ಯೆಗಳಲ್ಲಿ ಲೆಕ್ಕ ಮಾಡಿ ನೋಡಬಹುದು. 23 ಮತ್ತು 5 ಎಂಬ ಎರಡು ಸಂಖ್ಯೆ ಎಲ್ಲರಿಗೂ ಗೊತ್ತು. ಬೆಂಗಳೂರು ಗುಟ್ಟಾಗಿ 7ನ್ನು ಆರಿಸಿಕೊಂಡು, 5ರ ಏಳನೇ ಘಾತವನ್ನು 23ರಿಂದ ಭಾಗಿಸಿ ಉಳಿದ ಶೇಷ 17ನ್ನು ಬಹಿರಂಗವಾಗಿ ಕಳಿಸುತ್ತದೆ. ಹುಬ್ಬಳ್ಳಿ ಗುಟ್ಟಾಗಿ 3ನ್ನು ಆರಿಸಿಕೊಂಡು ಅದೇ ರೀತಿ 10ನ್ನು ಕಳಿಸುತ್ತದೆ. ಬೆಂಗಳೂರು ತನಗೆ ಬಂದ 10ರ ಏಳನೇ ಘಾತವನ್ನು 23ರಿಂದ ಭಾಗಿಸಿದರೆ ಶೇಷ 14. ಹುಬ್ಬಳ್ಳಿ ತನಗೆ ಬಂದ 17ರ ಮೂರನೇ ಘಾತವನ್ನು ಭಾಗಿಸಿದರೂ ಶೇಷ 14. ಆ 14 ತಂತಿಯ ಮೇಲೆ ಒಮ್ಮೆಯೂ ಓಡಾಡಲಿಲ್ಲ. ಕದ್ದು ಕೇಳುವವನಿಗೆ 23, 5, 17, 10 ಎಲ್ಲವೂ ಸಿಕ್ಕಿವೆ, 14 ಸಿಕ್ಕಿಲ್ಲ. ಇಷ್ಟು ಚಿಕ್ಕ ಸಂಖ್ಯೆಗಳಾದರೆ ಅವನು ಬೆರಳೆಣಿಕೆಯಲ್ಲೇ ಹುಡುಕಿಬಿಡುತ್ತಾನೆ. ಆರುನೂರು ಅಂಕಿಗಳಷ್ಟು ಉದ್ದದ ಅವಿಭಾಜ್ಯ ಸಂಖ್ಯೆಯಾದರೆ ಇಂದಿನ ಯಾವ ಕಂಪ್ಯೂಟರಿಗೂ ಆಗದು. ಒಬ್ಬರನ್ನೊಬ್ಬರು ಎಂದೂ ಕಾಣದ ಇಬ್ಬರು, ಊರೆಲ್ಲ ಕೇಳಿಸಿಕೊಳ್ಳುತ್ತಿರುವಾಗಲೇ ಗುಟ್ಟೊಂದನ್ನು ಹಂಚಿಕೊಳ್ಳಬಹುದು ಎಂಬುದು ಇಪ್ಪತ್ತನೆಯ ಶತಮಾನದ ಅತ್ಯಂತ ಸುಂದರ ಚಿಂತನೆಗಳಲ್ಲಿ ಒಂದು ಎಂದು ನಾನು ನಂಬಿದ್ದೇನೆ.

ಆದರೆ ಆ ಸೌಂದರ್ಯದಲ್ಲಿ ಒಂದು ಕೊರತೆ ಇದೆ. ಹುಬ್ಬಳ್ಳಿ ಎಂದು ಹೇಳಿಕೊಂಡು 10ನ್ನು ಕಳಿಸಿದವರು ನಿಜವಾಗಿ ಹುಬ್ಬಳ್ಳಿಯವರೇ? ನಡುವೆ ಕುಳಿತವನೊಬ್ಬ ಬೆಂಗಳೂರಿನೊಡನೆ ಒಂದು ಕೀಲಿ, ಹುಬ್ಬಳ್ಳಿಯೊಡನೆ ಇನ್ನೊಂದು ಕೀಲಿ ಮಾಡಿಕೊಂಡು, ಈ ಕಡೆ ಬಿಚ್ಚಿ ಓದಿ ಆ ಕಡೆ ಮತ್ತೆ ಮುಚ್ಚಿ ಕಳಿಸುತ್ತಿದ್ದರೆ ಇಬ್ಬರಿಗೂ ಸುಳಿವು ಸಿಗದು. ಎಇಎಸ್ ತನ್ನ ಪೂರ್ಣ ಬಲದಿಂದ ಕೆಲಸ ಮಾಡುತ್ತಲೇ ಇರುತ್ತದೆ, ಕಳ್ಳನ ಪರವಾಗಿ. ಇದನ್ನು ತಡೆಯುವುದು ಮೂರನೇ ಮತ್ತು ನಾಲ್ಕನೇ ಸಂದೇಶ. ತಾನು ಮೊದಲು ಕಳಿಸಿದ ಸಂದೇಶ, ಎದುರಿನವರು ಈ ಬಾರಿಗೆಂದೇ ಕಳಿಸಿದ ಯಾದೃಚ್ಛಿಕ ಸಂಖ್ಯೆ, ಹೊಸ ಕೀಲಿಯಿಂದಲೇ ಕಟ್ಟಿಹಾಕಿದ ತನ್ನ ಗುರುತು, ಈ ಮೂರನ್ನೂ ಸೇರಿಸಿ ಪ್ರತಿಯೊಂದು ತುದಿಯೂ ಸಹಿ ಹಾಕುತ್ತದೆ. ನಡುವಿನವನು ಸಂಖ್ಯೆಯನ್ನು ಬದಲಿಸಿದ್ದರೆ ಸಹಿ ತಾಳೆಯಾಗುವುದಿಲ್ಲ. ಹಳೆಯ ಸಹಿಯನ್ನು ಎತ್ತಿ ತಂದು ಅಂಟಿಸಿದ್ದರೆ ಹೊಸ ಯಾದೃಚ್ಛಿಕ ಸಂಖ್ಯೆ ಅದನ್ನು ಬಯಲು ಮಾಡುತ್ತದೆ. ಗುರುತನ್ನು ಕೀಲಿಗೆ ಏಕೆ ಕಟ್ಟಬೇಕು ಎಂಬುದನ್ನು ತಿಳಿಯಲು ಸಂಶೋಧಕರಿಗೆ ಹಲವು ವರ್ಷ ಹಿಡಿಯಿತು. ಹ್ಯೂಗೋ ಕ್ರಾವ್‌ಚಿಕ್ ಅವರ 'ಸಿಗ್ಮಾ' ವಿನ್ಯಾಸ ಇದನ್ನು ಸ್ಪಷ್ಟವಾಗಿ ನಿರೂಪಿಸಿತು, ಐಕೆಇ ಅದನ್ನೇ ಅನುಸರಿಸುತ್ತದೆ.

ಇಷ್ಟು ಎಚ್ಚರದಿಂದ ಕಟ್ಟಿದ ಈ ಭಾಗ ನಮ್ಮ ಕಚೇರಿಗಳಲ್ಲಿ ಹೇಗೆ ಬಳಕೆಯಾಗುತ್ತಿದೆ? ಸಾಮಾನ್ಯ ಫೈರ್‌ವಾಲ್ ಒಂದರ ವಿಪಿಎನ್ ಸೆಟ್ಟಿಂಗ್ಸ್ ಪುಟ ತೆರೆಯಿರಿ. ಗೂಢಲಿಪಿ ಆರಿಸಲು ಒಂದು ಪಟ್ಟಿ, ಡಿಫಿ-ಹೆಲ್‌ಮನ್ ಗುಂಪು ಆರಿಸಲು 1, 2, 5, 14, 19, 20 ಎಂಬಂತೆ ಇನ್ನೊಂದು ಪಟ್ಟಿ, ಅದರ ಕೆಳಗೆ 'ಪ್ರಿ-ಶೇರ್ಡ್ ಕೀ' ಎಂಬ ಖಾಲಿ ಚೌಕ. ಎರಡೂ ತುದಿಯಲ್ಲಿ ಒಂದೇ ಪದ ಟೈಪ್ ಮಾಡಿದರೆ ದೃಢೀಕರಣ ಮುಗಿಯಿತು. ಆ ಚೌಕದಲ್ಲಿ ಸಂಸ್ಥೆಯ ಹೆಸರು, ಪಕ್ಕದಲ್ಲಿ ಇಸವಿ, ಕೊನೆಗೊಂದು '@' ಚಿಹ್ನೆ ಕಂಡು ನನಗೆ ಎಷ್ಟೋ ಸಲ ಸಂಕಟವಾಗಿದೆ. ನಲವತ್ತು ಶಾಖೆಗಳಿದ್ದರೆ ನಲವತ್ತಕ್ಕೂ ಅದೇ ಪದ. ಅದನ್ನು ಉಪಕರಣ ಕೂರಿಸಿದ ಏಜೆನ್ಸಿಯ ಹುಡುಗ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿರುತ್ತಾನೆ, ಎಕ್ಸೆಲ್ ಹಾಳೆಯಲ್ಲಿ ಬರೆದಿಟ್ಟಿರುತ್ತಾನೆ. ಅವನು ಕೆಲಸ ಬಿಟ್ಟು ಹೋಗಿರುತ್ತಾನೆ, ಪದ ಮಾತ್ರ ಬದಲಾಗಿರುವುದಿಲ್ಲ. ಒಂದು ಶಾಖೆಯ ರೌಟರ್ ಕಳುವಾದರೆ ಮಿಕ್ಕ ಮೂವತ್ತೊಂಬತ್ತರ ಗುರುತೂ ಕಳುವಾದಂತೆ.

ಐಕೆಇ ಮೊದಲ ಆವೃತ್ತಿಯಲ್ಲಿ 'ಅಗ್ರೆಸಿವ್ ಮೋಡ್' ಎಂಬ ಅವಸರದ ವಿಧಾನವೊಂದಿದೆ. ಅದರಲ್ಲಿ ಈ ಹಂಚಿಕೊಂಡ ಪದದಿಂದ ಲೆಕ್ಕಹಾಕಿದ ಹ್ಯಾಶ್ ಮರೆಯಿಲ್ಲದೆ ತಂತಿಯ ಮೇಲೆ ಬರುತ್ತದೆ. ಯಾರೋ ಅದನ್ನು ಒಮ್ಮೆ ಪಡೆದುಕೊಂಡು, ಮನೆಯಲ್ಲಿ ಕುಳಿತು ನಿಘಂಟಿನ ಪದಗಳನ್ನೆಲ್ಲ ಒಂದೊಂದಾಗಿ ತಾಳೆ ನೋಡಬಹುದು. ಅದಕ್ಕೆಂದೇ ಸಿದ್ಧ ಸಾಧನಗಳು ಇಪ್ಪತ್ತು ವರ್ಷಗಳಿಂದ ಸಿಗುತ್ತಿವೆ. ಎರಡನೇ ಆವೃತ್ತಿ ಇದನ್ನು ಬಹಳಷ್ಟು ಸರಿಪಡಿಸಿತು, ಆದರೂ ದುರ್ಬಲ ಪದವನ್ನು ಯಾವ ಗಣಿತವೂ ಕಾಪಾಡದು. ಗೇಟ್‌ವೇ ಎಂದು ಸೋಗು ಹಾಕಿದವನು ಎದುರಿನವರಿಂದ ಒಂದು ಸಂದೇಶ ಪಡೆದರೆ ಅದೇ ಊಹೆಯ ದಾಳಿ ಮಾಡಬಲ್ಲ. ಮೊದಲ ಆವೃತ್ತಿಯನ್ನು ಇಂಟರ್‌ನೆಟ್ ಮಾನಕಗಳ ಸಂಸ್ಥೆ ಐಇಟಿಎಫ್ 2023ರಲ್ಲಿ ಅಧಿಕೃತವಾಗಿ ಚರಿತ್ರೆಗೆ ಸೇರಿಸಿತು. ಎರಡನೇ ಆವೃತ್ತಿ ಬಂದದ್ದು 2005ರಲ್ಲಿ. ಹದಿನೆಂಟು ವರ್ಷ ಎರಡೂ ಒಟ್ಟೊಟ್ಟಿಗೆ ಓಡಾಡಿದವು, ಹಳೆಯದು ಇಂದಿಗೂ ಎಷ್ಟೋ ಪೆಟ್ಟಿಗೆಗಳಲ್ಲಿ ಉಸಿರಾಡುತ್ತಿದೆ.

ಪದ ಗಟ್ಟಿಯಾಗಿದ್ದರೂ ಸಾಲದು ಎಂದು ತೋರಿಸಿದ್ದು 2015. ಆ ವರ್ಷ ಅಮೆರಿಕ ಮತ್ತು ಫ್ರಾನ್ಸಿನ ಸಂಶೋಧಕರ ತಂಡವೊಂದು 'ಲಾಗ್‌ಜ್ಯಾಮ್' ಎಂಬ ದೌರ್ಬಲ್ಯವನ್ನು ಪ್ರಕಟಿಸಿತು. ಡಿಫಿ-ಹೆಲ್‌ಮನ್ ಲೆಕ್ಕದಲ್ಲಿ ಎಲ್ಲರಿಗೂ ಗೊತ್ತಿರುವ ದೊಡ್ಡ ಅವಿಭಾಜ್ಯ ಸಂಖ್ಯೆಯೊಂದು ಬೇಕಷ್ಟೆ. ಐಪಿಸೆಕ್‌ನಲ್ಲಿ ಅದನ್ನು ಪ್ರತಿ ಸಂಸ್ಥೆಯೂ ತಾನೇ ಹುಡುಕಿಕೊಳ್ಳುವುದಿಲ್ಲ, 1998ರ ಮಾನಕದಲ್ಲೇ ಅಚ್ಚಾಗಿರುವ ಕೆಲವು ಸಂಖ್ಯೆಗಳಿಂದ ಆರಿಸಿಕೊಳ್ಳುತ್ತದೆ. ಆ ಸಂಖ್ಯೆಗಳನ್ನು ಆಯ್ದವರು ಪ್ರಾಮಾಣಿಕರು. ಒಳಗೆ ಏನನ್ನೂ ಬಚ್ಚಿಟ್ಟಿಲ್ಲವೆಂದು ತೋರಿಸಲು ಅವುಗಳ ನಡುಭಾಗವನ್ನು 'ಪೈ'ಯ ಅಂಕಿಗಳಿಂದಲೇ ತೆಗೆದುಕೊಂಡಿದ್ದರು. ತೊಂದರೆ ಬೇರೆ ಕಡೆಯಿಂದ ಬಂತು. ಈ ಲೆಕ್ಕವನ್ನು ಮುರಿಯುವ ಶ್ರಮದ ಸಿಂಹಪಾಲು ಅವಿಭಾಜ್ಯ ಸಂಖ್ಯೆಯೊಂದರ ಮೇಲೆಯೇ ನಿಂತಿದೆ. ಅದನ್ನು ಒಮ್ಮೆ ಅರೆದಿಟ್ಟುಕೊಂಡರೆ ಆ ಸಂಖ್ಯೆಯನ್ನು ಬಳಸುವ ಒಂದೊಂದು ಸಂಭಾಷಣೆಯನ್ನೂ ಬಿಡಿಸುವುದು ಸುಲಭ. 1024 ಬಿಟ್ಟಿನ ಒಂದು ಸಂಖ್ಯೆಗೆ ಆ ಶ್ರಮ ಪಡುವುದು ದೊಡ್ಡ ದೇಶವೊಂದರ ಗುಪ್ತಚರ ಸಂಸ್ಥೆಯ ಬಜೆಟ್ಟಿಗೆ ನಿಲುಕುತ್ತದೆ ಎಂದು ತಂಡ ಅಂದಾಜು ಮಾಡಿತು. ಅಂಥದೊಂದೇ ಸಂಖ್ಯೆ ಮುರಿದರೆ ಅವರು ಅಳೆದ ವಿಪಿಎನ್ ಸರ್ವರ್‌ಗಳ ಪೈಕಿ ಶೇ. 66ರಷ್ಟರ ಸಂಪರ್ಕಗಳನ್ನು ಸುಮ್ಮನೆ ಕುಳಿತು ಓದಬಹುದಿತ್ತು. ಅಲ್ಲೆಲ್ಲ ಎಇಎಸ್ ಇದ್ದಿರಬಹುದು, 256 ಬಿಟ್ಟೂ ಇದ್ದಿರಬಹುದು. ಸೆಟ್ಟಿಂಗ್ಸ್ ಪುಟದಲ್ಲಿ ಮೊದಲೇ ಆಯ್ಕೆಯಾಗಿ ಬಂದ, ಆ 1024 ಬಿಟ್ಟಿನ ಸಂಖ್ಯೆಯನ್ನೇ ಬಳಸುವ 'ಗುಂಪು 2' ಎಂಬುದನ್ನು ಯಾರೂ ಬದಲಿಸಿರಲಿಲ್ಲ, ಅಷ್ಟೇ.

ಪೈಯಿಂದ ಅಂಕಿ ತೆಗೆದವರ ಪ್ರಾಮಾಣಿಕತೆ ಎಷ್ಟು ಬೆಲೆಬಾಳುವಂಥದು ಎನ್ನುವುದು ಅದೇ ವರ್ಷದ ಕೊನೆಯಲ್ಲಿ ಗೊತ್ತಾಯಿತು. 2015ರ ಡಿಸೆಂಬರ್ 17ರಂದು ಜುನಿಪರ್ ನೆಟ್‌ವರ್ಕ್ಸ್ ಕಂಪನಿ ತನ್ನ ಸ್ಕ್ರೀನ್‌ಓಎಸ್ ಫೈರ್‌ವಾಲ್ ತಂತ್ರಾಂಶದೊಳಗೆ ಅನಧಿಕೃತ ಕೋಡ್ ಸಿಕ್ಕಿದೆ ಎಂದು ಪ್ರಕಟಿಸಿತು. ಅದರಿಂದ ವಿಪಿಎನ್ ಸಂಚಾರವನ್ನು ಬಿಚ್ಚಿ ಓದಬಹುದಿತ್ತು. ಐಪಿಸೆಕ್ ಇತಿಹಾಸದಲ್ಲಿ ಇದಕ್ಕಿಂತ ಹೆಚ್ಚು ಕಲಿಸುವ ಪ್ರಕರಣವಿಲ್ಲ, ಆದ್ದರಿಂದ ನಿಧಾನವಾಗಿ ನೋಡೋಣ.

ಡಿಫಿ-ಹೆಲ್‌ಮನ್ ಲೆಕ್ಕಕ್ಕೆ ಗುಟ್ಟಿನ ಸಂಖ್ಯೆ ಬೇಕು. ಅದನ್ನು ಯಾರಿಗೂ ಊಹಿಸಲಾಗದಂತೆ ಹುಟ್ಟಿಸುವ ಯಂತ್ರಭಾಗ ಬೇಕು. ಸ್ಕ್ರೀನ್‌ಓಎಸ್ ಇದಕ್ಕೆ 'ಡ್ಯುಯಲ್ ಇಸಿ' ಎಂಬ ವಿಧಾನವನ್ನು ಬಳಸುತ್ತಿತ್ತು. 2006ರಲ್ಲಿ ನಿಸ್ಟ್ ಅದನ್ನು ಮಾನಕದಲ್ಲಿ ಸೇರಿಸಿದಾಗ ಜೊತೆಗೆ ಕೊಟ್ಟ ಸ್ಥಿರಾಂಕಗಳು ಎಲ್ಲಿಂದ ಬಂದವೆಂದು ಹೇಳಿರಲಿಲ್ಲ. ಮರುವರ್ಷವೇ ಡ್ಯಾನ್ ಶುಮೋವ್ ಮತ್ತು ನೀಲ್ಸ್ ಫರ್ಗುಸನ್, ಸ್ಥಿರಾಂಕವನ್ನು ಆರಿಸಿದವರ ಬಳಿ ಒಂದು ಗುಟ್ಟಿನ ಸಂಖ್ಯೆ ಉಳಿದಿದ್ದರೆ ಅವರು ಸ್ವಲ್ಪ ಫಲಿತಾಂಶ ನೋಡಿ ಮುಂದಿನದನ್ನೆಲ್ಲ ಹೇಳಬಲ್ಲರು ಎಂದು ತೋರಿಸಿದ್ದರು. ಅಂದರೆ ಅದು ಒಬ್ಬರಿಗಾಗಿ ಇಟ್ಟ ಹಿಂಬಾಗಿಲು ಆಗಿರಲು ಸಾಧ್ಯವಿತ್ತು. ಜುನಿಪರ್ ನಿಸ್ಟ್‌ನ ಸ್ಥಿರಾಂಕ ಬಿಟ್ಟು ಬೇರೆಯದನ್ನು ಬಳಸಿತು, ಬಂದ ಫಲಿತಾಂಶವನ್ನು ಇನ್ನೊಂದು ಯಾದೃಚ್ಛಿಕ ಸಂಖ್ಯಾ ಜನಕದ ಮೂಲಕ ಹಾಯಿಸಿಯೇ ಹೊರಬಿಡುತ್ತೇವೆ ಎಂದೂ ಹೇಳಿತು. ಆದರೆ ಕೋಡಿನಲ್ಲಿ ಎಣಿಕೆಯ ಚಲಕವೊಂದು ಎಲ್ಲ ಕಾರ್ಯಗಳಿಗೂ ಸಾಮಾನ್ಯವಾಗಿದ್ದರಿಂದ ಆ ಎರಡನೇ ಹಂತ ಓಡುತ್ತಲೇ ಇರಲಿಲ್ಲ. ಡ್ಯುಯಲ್ ಇಸಿ ಸೇರಿದ ಆವೃತ್ತಿಯಲ್ಲೇ ಐಕೆಇ ಮೊದಲ ಸಂದೇಶಗಳಲ್ಲಿ ಮರೆಯಿಲ್ಲದೆ ಹೋಗುವ ಯಾದೃಚ್ಛಿಕ ಸಂಖ್ಯೆಯ ಉದ್ದ 20 ಬೈಟ್‌ನಿಂದ 32 ಬೈಟ್‌ಗೆ ಏರಿತ್ತು. ಹಿಂಬಾಗಿಲು ತೆರೆಯಲು ಬೇಕಾಗುವುದು ಡ್ಯುಯಲ್ ಇಸಿ ಫಲಿತಾಂಶದ ಸುಮಾರು 30 ಬೈಟ್.

ಮುಂದಿನದು ಇನ್ನೂ ಗಂಭೀರ. 2012ರಲ್ಲಿ ಬಂದ ಆವೃತ್ತಿಗಳಲ್ಲಿ ಯಾರೋ ಜುನಿಪರ್ ಕಂಪನಿಯ ಆ ಸ್ಥಿರಾಂಕವನ್ನೇ ತಮ್ಮದರಿಂದ ಬದಲಿಸಿದರು. ಹೊಸ ಕೋಡ್ ಬರೆಯಬೇಕಾಗಿ ಬರಲಿಲ್ಲ, ಗೂಢಲಿಪಿಯನ್ನು ಮುಟ್ಟಲಿಲ್ಲ. ಇದ್ದ ಹಿಂಬಾಗಿಲಿಗೆ ತಮ್ಮ ಬೀಗ ಹಾಕಿಕೊಂಡರು. ಸುರಂಗದ ಮೊದಲ ಸಂದೇಶ ನೋಡಿದರೆ ಸಾಕು, ಅದರಿಂದ ಯಂತ್ರದ ಒಳಸ್ಥಿತಿ, ಒಳಸ್ಥಿತಿಯಿಂದ ಡಿಫಿ-ಹೆಲ್‌ಮನ್ ಗುಟ್ಟು, ಆ ಗುಟ್ಟಿನಿಂದ ಕೀಲಿ. ಮೂರು ವರ್ಷಕ್ಕೂ ಹೆಚ್ಚು ಕಾಲ ಇದು ಗಮನಕ್ಕೆ ಬರಲಿಲ್ಲ. ಸರ್ಕಾರಿ ಇಲಾಖೆಗಳು, ಕಂಪನಿಗಳು ಇಂಥ ಉಪಕರಣಗಳನ್ನು ನಂಬಿ ಕೆಲಸ ಮಾಡುತ್ತಲೇ ಇದ್ದವು.

ಇದನ್ನು ನಮ್ಮ ದೇಶದ ಚರ್ಚೆಯ ಪಕ್ಕದಲ್ಲಿಟ್ಟು ನೋಡಬೇಕು. ಅದೇ 2015ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಎನ್‌ಕ್ರಿಪ್ಷನ್ ನೀತಿಯ ಕರಡು ಪ್ರಕಟಿಸಿತ್ತು. ಗೂಢಲಿಪಿಯಲ್ಲಿ ಕಳಿಸಿದ ಸಂದೇಶಗಳ ಮೂಲ ಪಠ್ಯವನ್ನು 90 ದಿನ ಕಾಪಾಡಿ, ಕೇಳಿದಾಗ ಒಪ್ಪಿಸಬೇಕೆಂಬ ಷರತ್ತು ಅದರಲ್ಲಿತ್ತು. ಜನ ಸಿಡಿದೆದ್ದ ಮೇಲೆ ಕೆಲವೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಂಡರು. ಅದಕ್ಕೂ ಹಿಂದೆ, ಇಂಟರ್‌ನೆಟ್ ಸೇವಾ ಪರವಾನಗಿಯಲ್ಲಿ 40 ಬಿಟ್ಟಿಗಿಂತ ದೊಡ್ಡ ಕೀಲಿ ಬಳಸುವವರು ಅನುಮತಿ ಪಡೆದು, ಕೀಲಿಯನ್ನು ಸರ್ಕಾರದ ಬಳಿ ಠೇವಣಿ ಇಡಬೇಕೆಂಬ ಮಾತಿತ್ತು. ಕಾನೂನು ಪಾಲಕರ ಕಷ್ಟವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮಕ್ಕಳ ಕಳ್ಳಸಾಗಣೆಯನ್ನೋ ಭಯೋತ್ಪಾದನೆಯನ್ನೋ ಬೆನ್ನಟ್ಟುವ ಅಧಿಕಾರಿಗೆ ಬಿಚ್ಚಲಾಗದ ಸಂದೇಶ ನಿಜವಾದ ಅಡ್ಡಿ. ಆದರೆ ಆರೋಪಿಯ ಸಾಧನವನ್ನು ಕಾನೂನಿನ ಆದೇಶದ ಮೇಲೆ ವಶಪಡಿಸಿಕೊಂಡು ತನಿಖೆ ಮಾಡುವುದು ಒಬ್ಬನಿಗೆ ಸಂಬಂಧಿಸಿದ ಕ್ರಮ. ಮಾನಕದೊಳಗೇ ದಾರಿ ಬಿಡುವುದು ಆ ಮಾನಕವನ್ನು ಬಳಸುವ ಎಲ್ಲರಿಗೂ ಸಂಬಂಧಿಸಿದ್ದು. 'ಒಳ್ಳೆಯವರ ಕೈಯಲ್ಲಿ ಮಾತ್ರ ಇರುವ ಹಿಂಬಾಗಿಲು' ಎಂಬ ವಾದಕ್ಕೆ ಜುನಿಪರ್ ಪ್ರಕರಣ ಉತ್ತರ ಕೊಟ್ಟಾಗಿದೆ. ಬಾಗಿಲು ಯಾರಿಗಾಗಿ ಇತ್ತೋ, ಕೊನೆಗೆ ಅದು ಇನ್ನೊಬ್ಬರ ಕೈಗೆ ಹೋಯಿತು.

ಫೋನಿನ ಕತೆಗೆ ಬರೋಣ. 2024ರಲ್ಲಿ ಆಸ್ಟ್ರಿಯಾ ಮತ್ತು ಜರ್ಮನಿಯ ಸಂಶೋಧಕರು ಜಗತ್ತಿನ ಮೊಬೈಲ್ ಕಂಪನಿಗಳ ವೈ-ಫೈ ಕಾಲಿಂಗ್ ಗೇಟ್‌ವೇಗಳನ್ನು ಪರೀಕ್ಷಿಸಿದರು. ಹದಿಮೂರು ಕಂಪನಿಗಳು ಒಂದೇ ತಯಾರಕರ ಉಪಕರಣ ಬಳಸುತ್ತಿದ್ದು, ಡಿಫಿ-ಹೆಲ್‌ಮನ್ ಲೆಕ್ಕಕ್ಕೆ ಪ್ರತಿ ಬಾರಿ ಹೊಸ ಗುಟ್ಟು ಆರಿಸುವ ಬದಲು ಎಲ್ಲ ಕಡೆಯೂ ಅವೇ ಹತ್ತು ಗುಟ್ಟುಗಳನ್ನು ಮತ್ತೆ ಮತ್ತೆ ಬಳಸುತ್ತಿದ್ದವು. ಆ ಕಂಪನಿಗಳ ಗ್ರಾಹಕರು ಸುಮಾರು 14 ಕೋಟಿ. ಆ ಹತ್ತು ಸಂಖ್ಯೆ ಗೊತ್ತಿದ್ದವರು ಈ ಸುರಂಗಗಳನ್ನು ಬಿಚ್ಚಬಹುದಿತ್ತು. ಅಲ್ಲಿ ದೃಢೀಕರಣ ನಡೆಯುವುದು ಸಿಮ್ ಕಾರ್ಡಿನೊಳಗಿನ ಗುಟ್ಟಿನಿಂದ, ಅದು ಗಟ್ಟಿಯಾಗಿಯೇ ಇತ್ತು. ಆದರೆ ಮೊದಲೆರಡು ಸಂದೇಶಗಳು ಟೊಳ್ಳಾಗಿದ್ದರೆ ಮೂರನೆಯದರ ಗಟ್ಟಿತನ ಗೌಪ್ಯವನ್ನು ಉಳಿಸಲಾರದು.

ಇಷ್ಟೆಲ್ಲ ಓದಿದ ಮೇಲೆ, ಐಪಿಸೆಕ್ ಅನ್ನೇ ಕೈಬಿಟ್ಟರಾಯಿತು ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. 1999ರಷ್ಟು ಹಿಂದೆಯೇ ನೀಲ್ಸ್ ಫರ್ಗುಸನ್ ಮತ್ತು ಬ್ರೂಸ್ ಶ್ನಯರ್ ಐಪಿಸೆಕ್ ಅನ್ನು ವಿವರವಾಗಿ ಪರಿಶೀಲಿಸಿ, ಅದರ ದೊಡ್ಡ ಶತ್ರು ಅದರ ಜಟಿಲತೆಯೇ, ಸಮಿತಿಯಲ್ಲಿ ಎಲ್ಲರನ್ನೂ ಒಪ್ಪಿಸಲು ಹೋಗಿ ಆಯ್ಕೆಗಳ ರಾಶಿ ಬಿದ್ದಿದೆ ಎಂದು ಟೀಕಿಸಿದ್ದರು. ಜೇಸನ್ ಡೋನೆನ್‌ಫೀಲ್ಡ್ ಬರೆದ ವೈರ್‌ಗಾರ್ಡ್ ಸುಮಾರು ನಾಲ್ಕು ಸಾವಿರ ಸಾಲಿನ ಕೋಡಿನಲ್ಲಿ ಮುಗಿಯುತ್ತದೆ, ಗೂಢಲಿಪಿಯ ಪಟ್ಟಿಯೂ ಇಲ್ಲ, ಗುಂಪುಗಳ ಪಟ್ಟಿಯೂ ಇಲ್ಲ, ಊಹಿಸಬಹುದಾದ ಪದ ಟೈಪ್ ಮಾಡಿ ಗುರುತು ತೋರಿಸುವ ಚೌಕವೂ ಇಲ್ಲ. 2020ರಲ್ಲಿ ಅದು ಲಿನಕ್ಸ್ ಕರ್ನಲ್‌ನ ಭಾಗವಾಯಿತು. ಹೊಸದಾಗಿ ಆರಂಭಿಸುವ ಚಿಕ್ಕ ಸಂಸ್ಥೆಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಅಲ್ಲಿಯೂ ಆಚೆ ತುದಿಯವರ ಸಾರ್ವಜನಿಕ ಕೀಲಿಯನ್ನು ಯಾರೋ ಒಬ್ಬರು ನಂಬಿಕೆಯಿಂದ ತಂದು ಹಾಕಲೇಬೇಕು, ನೌಕರ ಹೊರಟುಹೋದಾಗ ತೆಗೆಯಲೇಬೇಕು. ಗುರುತಿನ ಪ್ರಶ್ನೆ ಎಲ್ಲಿಗೆ ಹೋದರೂ ಬೆನ್ನು ಬಿಡದು. ಬ್ಯಾಂಕುಗಳು, ಮೊಬೈಲ್ ಜಾಲಗಳು, ಸರ್ಕಾರಿ ಕಚೇರಿಗಳು ಇನ್ನೂ ಬಹುಕಾಲ ಐಪಿಸೆಕ್ ಮೇಲೆಯೇ ನಡೆಯುತ್ತವೆ.

ಮುಂದೆ ಬರುವ ಅಪಾಯವೂ ಇದೇ ಜಾಗಕ್ಕೆ ಬಡಿಯಲಿದೆ. ಸಾಕಷ್ಟು ದೊಡ್ಡ ಕ್ವಾಂಟಂ ಕಂಪ್ಯೂಟರ್ ತಯಾರಾದ ದಿನ ಡಿಫಿ-ಹೆಲ್‌ಮನ್ ಲೆಕ್ಕ ಬಿದ್ದುಹೋಗುತ್ತದೆ. 256 ಬಿಟ್ಟಿನ ಎಇಎಸ್ ನಿಲ್ಲುತ್ತದೆ. ಇಂದು ಹರಿಯುವ ಸಂಚಾರವನ್ನು ಈಗ ದಾಖಲಿಸಿಟ್ಟುಕೊಂಡು ಅಂದು ಬಿಚ್ಚುವ ಯೋಚನೆ ಯಾರಿಗಾದರೂ ಬರಬಹುದಾದದ್ದೇ. ರೋಗಿಯೊಬ್ಬರ ವೈದ್ಯಕೀಯ ದಾಖಲೆ ಇಪ್ಪತ್ತು ವರ್ಷಗಳ ನಂತರವೂ ಗುಟ್ಟಾಗಿಯೇ ಇರಬೇಕು. ಇದಕ್ಕೆ ಪರಿಹಾರ ಕೈಯಲ್ಲಿದೆ. 2023ರ ಮಾನಕವೊಂದು ಐಕೆಇಯಲ್ಲಿ ಡಿಫಿ-ಹೆಲ್‌ಮನ್ ಜೊತೆಗೆ ಇನ್ನೊಂದು ಬಗೆಯ ಕೀಲಿ ಒಪ್ಪಂದವನ್ನೂ ಸೇರಿಸಲು ಅವಕಾಶ ಕೊಟ್ಟಿದೆ. ಕ್ವಾಂಟಂ ದಾಳಿಯನ್ನು ತಡೆಯಲೆಂದೇ ರೂಪಿಸಿದ ಎಂಎಲ್-ಕೆಇಎಂ ಅನ್ನು ನಿಸ್ಟ್ 2024ರ ಆಗಸ್ಟ್‌ನಲ್ಲಿ ಅಂತಿಮಗೊಳಿಸಿದೆ.

ಟೆಂಡರಿಗೆ ಸಹಿ ಹಾಕುವ ಅಧಿಕಾರಿಗಳಲ್ಲಿ, ಆಡಿಟ್ ವರದಿ ಓದುವ ನಿರ್ದೇಶಕರಲ್ಲಿ, ಸಹಕಾರಿ ಬ್ಯಾಂಕುಗಳ ಆಡಳಿತ ಮಂಡಳಿಗಳಲ್ಲಿ ನನ್ನ ವಿನಂತಿ ಇದು. '256 ಬಿಟ್' ಎಂಬ ಸಾಲಿನ ಕೆಳಗೆ ಇನ್ನು ನಾಲ್ಕು ಪ್ರಶ್ನೆ ಬರೆಯಿರಿ. ಐಕೆಇ ಮೊದಲ ಆವೃತ್ತಿಯನ್ನು ಪೂರ್ತಿ ನಿಲ್ಲಿಸಲಾಗಿದೆಯೇ? ಕೀಲಿ ಒಪ್ಪಂದಕ್ಕೆ 14ಕ್ಕಿಂತ ಹಳೆಯ ಗುಂಪುಗಳನ್ನು ತೆಗೆದುಹಾಕಲಾಗಿದೆಯೇ? ಪ್ರತಿ ಶಾಖೆಗೂ ಗುರುತು ಸಾಬೀತುಪಡಿಸುವ ಅದರದೇ ಪ್ರಮಾಣಪತ್ರ ಇದೆಯೇ, ಇಲ್ಲ ಎಲ್ಲರೂ ಒಂದೇ ಪದ ಹಂಚಿಕೊಂಡಿದ್ದಾರೆಯೇ? ಕ್ವಾಂಟಂ ನಿರೋಧಕ ಒಪ್ಪಂದವನ್ನು ಈ ಉಪಕರಣ ಯಾವಾಗಿನಿಂದ ಬೆಂಬಲಿಸುತ್ತದೆ? ಲಿಖಿತ ಉತ್ತರ ಬರುವವರೆಗೆ ಹಣ ಬಿಡುಗಡೆ ಮಾಡಬೇಡಿ.